ಸೂಜಿ ಚುಚ್ಚುವ ಮುನ್ನ

ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಕಿಡ್ನಿ ಕಸಿ ಮಾಡಿಸಿಕೊಂಡು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೆ ಮರಳಿದವರ ಕಣ್ಣು ಸದಾ ಒಂದು ಸಂಖ್ಯೆಯ ಮೇಲಿರುತ್ತದೆ: ಕ್ರಿಯಾಟಿನಿನ್. ಆ ರಕ್ತಪರೀಕ್ಷೆ ಊರಲ್ಲೇ ಆಗುತ್ತದೆ. ಸಂಖ್ಯೆ ಏರಿದಾಗಲೇ ಫಜೀತಿ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುತ್ತಿದೆಯೋ, ತಿರಸ್ಕಾರ ತಡೆಯುವ ಔಷಧ ಟ್ಯಾಕ್ರೊಲಿಮಸ್ ಹೆಚ್ಚಾಗಿದೆಯೋ, ಬಿಸಿಲಿಗೆ ಮೈಯ ನೀರು ಆರಿದೆಯೋ, ಮೂತ್ರನಾಳ ಕಟ್ಟಿದೆಯೋ ಎಂಬುದನ್ನು ಅದು ಹೇಳದು. ತಿರಸ್ಕಾರವೇ ಎಂದು ಖಚಿತವಾಗಿ ಹೇಳಬಲ್ಲದ್ದು, ಸೂಜಿಯಿಂದ ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿ. ಅದಕ್ಕೆ ದೊಡ್ಡ ಆಸ್ಪತ್ರೆ ಬೇಕು, ರಕ್ತಸ್ರಾವದ ಅಂಜಿಕೆಯೂ ಇದೆ.

1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಸಿಯಲ್ಲಿ ತಿರಸ್ಕಾರದ ಪ್ರಶ್ನೆ ಏಳಲಿಲ್ಲ. ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳು. ಬೇರೆಯವರ ಕಿಡ್ನಿ ಹಾಕತೊಡಗಿದ ಮೇಲೆ ಎದ್ದಿತು. ಆಗ ಕೈಗೆ ಸಿಕ್ಕಿದ್ದು 1956ರಲ್ಲಿ ಬಂದಿದ್ದ ರೀನೋಗ್ರಾಮ್. ವಿಕಿರಣ ಸೂಸುವ ಔಷಧ ಕಿಡ್ನಿಗೆ ಬಂದು ಹೋಗುವುದನ್ನು ಹೊರಗಿನಿಂದ ಅಳೆಯುವ ವಿಧಾನ ಅದು. ಮುಂದೆ ಅದಕ್ಕೆ ಟೆಕ್ನೀಷಿಯಂ ಎಂಬ ವಿಕಿರಣ ಧಾತು ಬಂತು. ಶಸ್ತ್ರಕ್ರಿಯೆಯ ಆಘಾತಕ್ಕೆ ಕಿಡ್ನಿಯೊಳಗಿನ ನಾಳಿಕೆಗಳು ಸೊರಗಿದ್ದರೆ ರಕ್ತ ಸಾಕಷ್ಟು ಬರುತ್ತದೆ, ಮೂತ್ರ ಮಾತ್ರ ಇಳಿಯದು. ತಿರಸ್ಕಾರದಲ್ಲಿ ಎರಡೂ ಕುಂದುತ್ತವೆ ಎಂಬುದು ಸೂತ್ರ. ಪುಸ್ತಕದಲ್ಲಿ ಇಷ್ಟು ಸಲೀಸು, ರೋಗಿಯಲ್ಲಿ ಎರಡೂ ಒಟ್ಟಿಗೇ ಇರುವುದುಂಟು.

ನಮ್ಮ ತಾಲ್ಲೂಕುಗಳಿಗೆ ತಲುಪಿದ್ದು ಮಾತ್ರ ಸೋನೋಗ್ರಾಫಿ. ಅದಕ್ಕೆ ಅಂಗರಚನೆಯೂ ಒದಗಿಬಂತು. ಹೊಸ ಕಿಡ್ನಿಯನ್ನು ಬೆನ್ನ ಬದಿಗೆ ಇಡುವುದಿಲ್ಲ, ಹಳೆಯದನ್ನು ಸಾಮಾನ್ಯವಾಗಿ ತೆಗೆಯುವುದೂ ಇಲ್ಲ. ಹೊಸದನ್ನು ಕಿಬ್ಬೊಟ್ಟೆಯಲ್ಲಿ, ಚರ್ಮದಿಂದ ಹೆಚ್ಚು ಆಳವಲ್ಲದೆ ಕೂರಿಸಿ, ಕಾಲಿಗೆ ಹೋಗುವ ರಕ್ತನಾಳಗಳಿಗೆ ಜೋಡಿಸುತ್ತಾರೆ. ಹಾಗಾಗಿ ಅದು ಊದಿಕೊಂಡದ್ದು, ಮೂತ್ರ ಕಟ್ಟಿಕೊಂಡದ್ದು ಚೆನ್ನಾಗಿ ಕಾಣುತ್ತದೆ. ರಕ್ತ ಹರಿಯುವ ವೇಗ ಅಳೆಯುವ ಡಾಪ್ಲರ್ ಸೇರಿದಾಗ ಆಸೆ ಚಿಗುರಿತು. ಹೃದಯ ಬಡಿದಾಗಿನ ವೇಗದಿಂದ ಬಿಡುವಿನ ವೇಗ ಕಳೆದು, ಮೊದಲಿನದರಿಂದ ಭಾಗಿಸಿದರೆ ಬರುವುದೇ ಪ್ರತಿರೋಧ ಸೂಚ್ಯಂಕ. ಕಿಡ್ನಿ ಬಿಗಿದಷ್ಟೂ ಅದು ಏರಬೇಕು. 2003ರಲ್ಲಿ ರಾಡರ್ಮಾಕರ್ ತಂಡ, 0.80 ದಾಟಿದವರ ಕಸಿ ಬಾಳುವುದು ಕಷ್ಟ ಎಂದಿತು. ಹತ್ತು ವರ್ಷಕ್ಕೆ, 2013ರಲ್ಲಿ, ಅದೇ ವೈದ್ಯಕೀಯ ಪತ್ರಿಕೆಯಲ್ಲಿ ನೇಸೆನ್ಸ್ ತಂಡ ಬಯಾಪ್ಸಿಗಳ ಜತೆ ತಾಳೆ ನೋಡಿ ಬೇರೆಯೇ ಹೇಳಿತು: ಈ ಸಂಖ್ಯೆ ಕಿಡ್ನಿಯೊಳಗಿನ ರೋಗಕ್ಕಿಂತ ಪಡೆದವರ ವಯಸ್ಸನ್ನು, ಧಮನಿಗಳ ಗಡಸುತನವನ್ನು ತೋರುತ್ತದೆ. ಅಂದರೆ ಇಷ್ಟು ವರ್ಷ ಮನೆಯ ಬಾಗಿಲಲ್ಲಿ ನಿಂತು ಬೀದಿಯ ಸದ್ದು ಕೇಳುತ್ತಿದ್ದೆವು.

ಎಂಆರ್‌ಐ ಇನ್ನೊಂದು ಬಗೆಯಲ್ಲಿ ಬೆರಗು ತಂದಿತು. 2005ರಲ್ಲಿ ಅಮೆರಿಕದ ಸಂಶೋಧಕರು ರಕ್ತದ ಆಮ್ಲಜನಕವನ್ನು ಅಳೆದಾಗ, ತಿರಸ್ಕಾರವಿದ್ದ ಕಿಡ್ನಿಯ ಒಳತಿರುಳಿನಲ್ಲಿ ಆಮ್ಲಜನಕ ಕಡಿಮೆಯಲ್ಲ, ಹೆಚ್ಚಿತ್ತು. ಕೆಲಸ ನಿಲ್ಲಿಸಿದ ಜೀವಕೋಶಗಳು ಅದನ್ನು ಬಳಸುತ್ತಿರಲಿಲ್ಲ ಎಂಬುದು ಒಂದು ವಿವರಣೆ. ಚಿತ್ರ ಸ್ಪಷ್ಟವಾಗಲೆಂದು ಚುಚ್ಚುವ ಗ್ಯಾಡೋಲಿನಿಯಂ ಈ ವಿಧಾನಕ್ಕೆ ಬೇಡ ಎಂಬುದೂ ಲಾಭವೇ; ಕಿಡ್ನಿ ಕೆಟ್ಟವರಲ್ಲಿ ಅದು ಚರ್ಮ ಗಡುಸಾಗಿಸುವ ರೋಗ ತರಬಲ್ಲದೆಂದು 2006ರಿಂದ ಎಚ್ಚರಿಕೆ ಬಂದಿದೆ.

ಇವೆಲ್ಲ ಪರಿಣಾಮವನ್ನು ನೋಡಿದವು. ದಾಳಿಕೋರರನ್ನೇ ಹಿಡಿಯಲು ಹೊರಟದ್ದು ಪೆಟ್ ಸ್ಕ್ಯಾನ್. ಕಿಡ್ನಿಗೆ ನುಗ್ಗಿದ ಬಿಳಿರಕ್ತಕಣಗಳು ಚುಚ್ಚಿಕೊಟ್ಟ ವಿಕಿರಣ ಸಕ್ಕರೆಯನ್ನು ಹೆಚ್ಚು ಹೀರುತ್ತವೆ, ಹಾಗಾಗಿ ಹೊಳೆಯುತ್ತವೆ. 2009ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು; 2016ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ 31 ಮಂದಿಯನ್ನು ಪರೀಕ್ಷಿಸಿದಾಗ ತಿರಸ್ಕಾರವಿದ್ದ ಒಬ್ಬರೂ ತಪ್ಪಿಹೋಗಲಿಲ್ಲ, ಇಲ್ಲದವರಲ್ಲಿ ಅರ್ಧದಷ್ಟು ಜನರ ಮೇಲೂ ಅನುಮಾನ ಬಿತ್ತು. ಆ ವಿಕಿರಣ ಸಕ್ಕರೆ ಮೂತ್ರದಲ್ಲೂ ಇಳಿಯುವುದರಿಂದ ಕಿಡ್ನಿ ಸಹಜವಾಗಿಯೇ ಮಿನುಗುತ್ತದೆ. ಅಲ್ಲದೆ ಅದರ ಅರ್ಧಾಯುಷ್ಯ 110 ನಿಮಿಷ. ಟೆಕ್ನೀಷಿಯಂಗಾದರೂ 6 ಗಂಟೆ ಇದೆ. ಆದ್ದರಿಂದ ಔಷಧ ಬೀಳಗಿಗೆ ಬರುವುದಿಲ್ಲ, ಬೀಳಗಿಯವರೇ ಊರು ಬಿಟ್ಟು ಹೋಗಬೇಕು.

ಉಳಿದದ್ದು ಮತ್ತೆ ಸೋನೋಗ್ರಾಫಿಯೇ. ಅದಕ್ಕೂ ಸಲ್ಲದ ತೊಡಕು ಬಿದ್ದಿದೆ: 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ಪ್ರತಿ ಯಂತ್ರಕ್ಕೂ ನೋಂದಣಿ ಬೇಕು, ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರವನ್ನು ಹೊತ್ತು ಮನೆಮನೆಗೆ ಹೋಗುವಂತಿಲ್ಲ. ಹೆಣ್ಣುಭ್ರೂಣಕ್ಕೆ ನಾವು ಮಾಡಿದ ಅನ್ಯಾಯದ ದಂಡ ಇದು, ಕಾನೂನಿನ ತಪ್ಪಲ್ಲ. ಆದರೂ ಬಯಾಪ್ಸಿಯ ಸೂಜಿಗೆ ಇಂದು ದಾರಿ ತೋರುವುದೂ ಸೋನೋಗ್ರಾಫಿಯೇ. ಸೂಚ್ಯಂಕ ಒಂಟಿಯಾಗಿ ಏನನ್ನೂ ಹೇಳದಿದ್ದರೂ, ಅದೇ ವ್ಯಕ್ತಿಯ ಮೊನ್ನೆಯ ಸಂಖ್ಯೆಯ ಪಕ್ಕದಲ್ಲಿಟ್ಟರೆ ಬದಲಾವಣೆ ಕಾಣುತ್ತದೆ. ಹಾಗಾಗಿ ಬೆಳಗಾವಿಯ ಬಸ್ಸು ಹತ್ತುವಾಗ ಕೈಚೀಲದಲ್ಲಿ ಹಳೆಯ ರಿಪೋರ್ಟುಗಳೆಲ್ಲ ಇರಬೇಕು, ಕಸಿಯಾದ ವಾರದ್ದು ಮೊದಲು.