ಅನುಚ್ಚರಿತ ‘ಇ’ (ಇಂಗ್ಲಿಷ್ ಕಾಗುಣಿತ)

ಇಂಗ್ಲಿಷ್ ಪದದ ಕೊನೆಯಲ್ಲಿ ಬಂದು, ತಾನು ಧ್ವನಿಸದೆಯೇ ಒಂದು ವ್ಯಂಜನದ ಹಿಂದಿರುವ ಸ್ವರದ ಉಚ್ಚಾರಣೆಯನ್ನು ಬದಲಿಸುವ ಅಕ್ಷರ. ಇದು ಸೇರಿದಾಗ ‘ಮ್ಯಾಟ್’ ಪದವು ‘ಮೇಟ್’ ಎಂದೂ ‘ಬಿಟ್’ ಪದವು ‘ಬೈಟ್’ ಎಂದೂ ಆಗುತ್ತದೆ.

ಮಧ್ಯ ಇಂಗ್ಲಿಷಿನಲ್ಲಿ, ಎಂದರೆ ಸುಮಾರು 1100ರಿಂದ 1500ರವರೆಗಿನ ಭಾಷೆಯಲ್ಲಿ, ಈ ಅಕ್ಷರಕ್ಕೆ ಮೆಲುವಾದ ಧ್ವನಿಯಿದ್ದು, ಇಂದಿನ ‘ನೇಮ್’ ಹೆಚ್ಚುಕಡಿಮೆ ‘ನಾಮ’ ಎಂದೇ ಕೇಳಿಸುತ್ತಿತ್ತು. ಕಾಲಕ್ರಮೇಣ ಆ ಧ್ವನಿ ಅಳಿಯಿತು, ಮಹಾಸ್ವರಪಲ್ಲಟವೆಂದು ಕರೆಯಲಾಗುವ ಬದಲಾವಣೆಯಲ್ಲಿ ದೀರ್ಘಸ್ವರಗಳ ಉಚ್ಚಾರಣೆಯೂ ಸರಿಯಿತು, ಆದರೆ 1476ರ ಹೊತ್ತಿಗೆ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ತಂದ ಮುದ್ರಣಕಲೆ ಹಳೆಯ ಬರಹರೂಪಗಳನ್ನು ನೆಲೆಗೊಳಿಸತೊಡಗಿದ್ದರಿಂದ ಅಕ್ಷರ ಉಳಿದುಕೊಂಡಿತು. ಶಿಕ್ಷಕ ರಿಚರ್ಡ್ ಮಲ್ಕಾಸ್ಟರ್ 1582ರ ತನ್ನ ಗ್ರಂಥದಲ್ಲಿ ಇದನ್ನು ಸ್ವರದೀರ್ಘತೆಯ ಗುರುತಾಗಿ ವಿವರಿಸಿದನು.

‘ಹ್ಯಾವ್’, ‘ಗಿವ್’, ‘ಲವ್’ ಪದಗಳಲ್ಲಿ ಈ ನಿಯಮ ನಡೆಯದು. ‘ವಿ’ ಅಕ್ಷರದಿಂದ ಪದ ಮುಗಿಯಬಾರದೆಂಬ ರೂಢಿಯೇ ಅಲ್ಲಿ ‘ಇ’ ಬರಲು ಕಾರಣವಾದ್ದರಿಂದ, ಇವನ್ನು ಬರಿಯ ಅಪವಾದವೆಂದು ಕಲಿಸುವುದು ಸರಿಯಲ್ಲ. ಕನ್ನಡದಲ್ಲಿ ಸ್ವರಚಿಹ್ನೆ ತನ್ನ ವ್ಯಂಜನಕ್ಕೇ ಅಂಟಿಕೊಂಡು ಹ್ರಸ್ವದೀರ್ಘಗಳನ್ನು ಅಲ್ಲೇ ತೋರುವುದರಿಂದ, ಮುಂದಿನ ಅಕ್ಷರಗಳನ್ನು ನೋಡಿದ ಮೇಲೆಯೇ ಹಿಂದಿನ ಸ್ವರವನ್ನು ನಿರ್ಧರಿಸುವ ಈ ಕ್ರಮಕ್ಕೆ ಕನ್ನಡಿಗ ಕಲಿಕಾರ್ಥಿಗೆ ಪ್ರತ್ಯೇಕ ಅಭ್ಯಾಸ ಬೇಕಾಗುತ್ತದೆ. ‘ಇಂಗ್’ ಪ್ರತ್ಯಯ ಸೇರುವಾಗ ‘ಹೋಪ್’ ತನ್ನ ‘ಇ’ಯನ್ನು ಕಳೆದುಕೊಳ್ಳುತ್ತದೆ, ‘ಹಾಪ್’ ತನ್ನ ‘ಪಿ’ಯನ್ನು ಇಮ್ಮಡಿಸಿಕೊಳ್ಳುತ್ತದೆ.