ಮಾತಿಗೂ ಉತ್ತರಕ್ಕೂ ನಡುವೆ

ಕೆಲವು ವರ್ಷಗಳ ಹಿಂದೆ, ತಂದೆಯವರ ತಿಥಿಗೆ ಊರಿಗೆ ಬರುವೆಯಾ ಎಂದು ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ನನ್ನ ತಮ್ಮನನ್ನು ವಿಡಿಯೋ ಕರೆಯಲ್ಲಿ ಕೇಳಿದೆ. ತೆರೆಯ ಮೇಲಣ ಮುಖ ಅಲುಗಲಿಲ್ಲ. ಒಂದು ಕ್ಷಣ ಕಳೆದು “ಬರ್ತೀನಣ್ಣ” ಎಂದ. ಉತ್ತರ ನಾನು ಬಯಸಿದ್ದೇ. ಆದರೆ ಅದಕ್ಕೆ ಮುಂಚಿನ ಆ ಮೌನ ನನ್ನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಒಡಹುಟ್ಟಿದವನಿಗೆ ಇದು ಯೋಚಿಸಿ ಹೇಳಬೇಕಾದ ಮಾತೇ?

ಆ ಮೌನ ಅವನದಾಗಿರಲಿಲ್ಲವೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಅದು ಯಾರದಾಗಿತ್ತು ಎಂಬುದಕ್ಕೆ ನೂರೈವತ್ತು ವರ್ಷಗಳನ್ನೂ ಮೀರಿದ ಚರಿತ್ರೆಯಿದೆ. ಅದನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಎದುರುಬದುರು ಕುಳಿತು ಮಾತನಾಡುವವರ ನಡುವೆ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಮೊದಲಾಗಲು ಹಿಡಿಯುವ ಕಾಲ ಅತ್ಯಲ್ಪ. ಜಗತ್ತಿನ 10 ಭಾಷೆಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಅಂತರ ಸರಾಸರಿ 200 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನದೆಂದು ತೋರಿಸಿತು. ಕಣ್ಣುರೆಪ್ಪೆ ಬಡಿಯುವಷ್ಟರ ಈ ಬಿಡುವು ಹಿಗ್ಗಿದರೆ ನಮ್ಮ ಕಿವಿ ಅದಕ್ಕೆ ಅರ್ಥ ಹಚ್ಚುತ್ತದೆ: ಸಂಕೋಚ, ಅಸಮ್ಮತಿ, ಅನಾದರ. 2014ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ ಇನ್ನೊಂದು ಅಧ್ಯಯನ ಹೇಳಿದ್ದೂ ಇದನ್ನೇ. ಕರೆಯಲ್ಲಿ ತಡವಾದಾಗ ಜನ ಯಂತ್ರವನ್ನು ದೂರುವುದಿಲ್ಲ. ಆ ತುದಿಯ ಮನುಷ್ಯನಿಗೇ ಗಮನ ಸಾಲದೆಂದು ಭಾವಿಸುತ್ತಾರೆ.

ದೂರವನ್ನು ಗೆಲ್ಲಹೊರಟಾಗಲೆಲ್ಲ ಕಾಲ ತನ್ನ ಸುಂಕವನ್ನು ವಸೂಲುಮಾಡಿದೆ. 1858ರ ಆಗಸ್ಟ್ ತಿಂಗಳಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲ ತಂತಿಯ ಮೂಲಕ ವಿಕ್ಟೋರಿಯಾ ರಾಣಿಯ ಸಂದೇಶ ಅಮೆರಿಕೆಗೆ ಹೋಯಿತು. ಸುಮಾರು 100 ಪದಗಳ ಆ ಸಂದೇಶವನ್ನು ದಾಟಿಸಲು ಸುಮಾರು 16 ಗಂಟೆ ಬೇಕಾಯಿತು. ಉದ್ದವಾದ ತಂತಿಯಲ್ಲಿ ವಿದ್ಯುತ್ತಿನ ಮಿಡಿತ ಕೆಸರಿನಲ್ಲಿ ನಡೆದವನ ಹೆಜ್ಜೆಯಂತೆ ಹರಡಿ ಮಸುಕಾಗುತ್ತದೆ. ಉದ್ದ ಇಮ್ಮಡಿಯಾದರೆ ತೊಡಕು ನಾಲ್ಮಡಿ. ವಿಲಿಯಂ ಥಾಮ್ಸನ್ ಇದನ್ನು ನಾಲ್ಕು ವರ್ಷ ಮೊದಲೇ ಲೆಕ್ಕಹಾಕಿ ತೋರಿಸಿದ್ದರು. ಕೇಳಿದವರು ಕಡಿಮೆ. ಹೆಚ್ಚು ಒತ್ತಡದ ವಿದ್ಯುತ್ತನ್ನು ನೂಕಿದರೆ ಸಾಕೆಂದು ನಂಬಿದವರ ಕೈಯಲ್ಲಿ ಆ ತಂತಿ ಕೆಲವೇ ವಾರಗಳಲ್ಲಿ ಸತ್ತಿತು.

ಆದರೆ ತಂತಿಸಂದೇಶಕ್ಕೆ ವಿಳಂಬವೊಂದು ಅವಮಾನವಲ್ಲ. ಕಾಗದದ ಮೇಲೆ ಇಳಿಯುವ ಮಾತು ಕಾಯಬಲ್ಲದು. ಕಾಯಲಾರದ್ದು ಸಂಭಾಷಣೆ. ಈ ತೊಂದರೆ ಎಲ್ಲರಿಗೂ ತಟ್ಟಿದ್ದು 1965ರಲ್ಲಿ, ‘ಅರ್ಲಿ ಬರ್ಡ್’ ಎಂಬ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನೆಲೆನಿಂತಾಗ. ಒಮ್ಮೆಗೆ 240 ದೂರವಾಣಿ ಸಂಭಾಷಣೆಗಳನ್ನು ಹೊರಬಲ್ಲ ಸಾಮರ್ಥ್ಯ ಅದಕ್ಕಿತ್ತು. ಆದರೆ ಮಾತು ಮೇಲೇರಿ ಕೆಳಗಿಳಿಯಲು 72,000 ಕಿಲೋಮೀಟರ್. ಬೆಳಕಿನ ವೇಗದಲ್ಲಿ ಓಡಿದರೂ ಕಾಲು ಸೆಕೆಂಡು. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು. ಯಾವ ಇಂಜಿನಿಯರನೂ ಅದನ್ನು ತಗ್ಗಿಸುವಂತಿರಲಿಲ್ಲ.

ಇದಕ್ಕಿಂತ ಕಾಡಿದ್ದು ಪ್ರತಿಧ್ವನಿ. ಆಡಿದವನ ಮಾತೇ ಆ ತುದಿಗೆ ತಾಗಿ, ಅರ್ಧ ಸೆಕೆಂಡು ತಡವಾಗಿ ಅವನ ಕಿವಿಗೇ ಮರಳುತ್ತಿತ್ತು. ತನ್ನ ಮಾತನ್ನೇ ಹಿಂದಿನಿಂದ ಕೇಳುತ್ತ ಮಾತನಾಡಿ ನೋಡಿ, ನಾಲಿಗೆ ತೊದಲುತ್ತದೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರ ದಾರಿಯನ್ನು ಮುಚ್ಚಿಬಿಡುವುದು ಹಳೆಯ ಉಪಾಯ. ಅದರಿಂದ ನಡುವೆ ಬಾಯಿಹಾಕಿದವರ ಮೊದಲ ಅಕ್ಷರಗಳು ಕತ್ತರಿಸಿಹೋಗುತ್ತಿದ್ದವು. ಬೆಲ್ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಭಾರತ ಮೂಲದ ವಿಜ್ಞಾನಿ ಮನಮೋಹನ ಸೋಂಧಿ 1967ರಲ್ಲಿ ಇನ್ನೊಂದು ಹಾದಿಯನ್ನು ವಿವರಿಸಿದರು. ಮರಳಿ ಬರುವ ಪ್ರತಿಧ್ವನಿ ಹೇಗಿರುತ್ತದೆಂದು ಯಂತ್ರವೇ ಊಹಿಸಿ, ಕಲಿತು, ಅದನ್ನು ಕಳೆದುಬಿಡುವುದು. ಇಂದು ನಮ್ಮ ಪ್ರತಿಯೊಂದು ವಿಡಿಯೋ ಕರೆಯಲ್ಲೂ ಆ ವಿಚಾರದ ಸಂತತಿ ದುಡಿಯುತ್ತಿದೆ. ಅದನ್ನು ಬಳಸುವವರಲ್ಲಿ ಸೋಂಧಿಯವರ ಹೆಸರು ಕೇಳಿದವರು ಎಷ್ಟು ಮಂದಿಯೋ.

1988ರಲ್ಲಿ ಅಟ್ಲಾಂಟಿಕ್ಕಿನ ತಳದಲ್ಲಿ ಗಾಜಿನ ಎಳೆಯ ತಂತಿ ಬಂತು. ಮಾತು ಆಕಾಶದಿಂದ ಸಮುದ್ರಕ್ಕಿಳಿಯಿತು. ಅರ್ಧ ಸೆಕೆಂಡಿನ ಕಾಟ ನೀಗಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಮಾತು ತನ್ನ ಸ್ವಂತ ದಾರಿಯನ್ನು ಬಿಟ್ಟು ಸಂತೆಬೀದಿಗೆ ಇಳಿಯತೊಡಗಿತ್ತು.

ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಒಂದು ದಾರಿ ಅವರಿಗೇ ಮೀಸಲು. ಅಂತರ್ಜಾಲದಲ್ಲಿ ಹಾಗಿಲ್ಲ. ಮಾತನ್ನು ತುಂಡರಿಸಿ, ಪೊಟ್ಟಣ ಕಟ್ಟಿ, ವಿಳಾಸ ಬರೆದು, ಎಲ್ಲರ ಪೊಟ್ಟಣಗಳ ಜೊತೆಗೆ ಬೀದಿಗೆ ಬಿಡಲಾಗುತ್ತದೆ. 1974ರ ಆಗಸ್ಟಿನಲ್ಲಿ ಡ್ಯಾನಿ ಕೋಹೆನ್ ಮತ್ತು ಅವರ ಸಂಗಡಿಗರು ಕ್ಯಾಲಿಫೋರ್ನಿಯಕ್ಕೂ ಮ್ಯಾಸಚೂಸೆಟ್ಸಿಗೂ ನಡುವೆ ಅರ್ಪಾನೆಟ್ ಜಾಲದಲ್ಲಿ ಹೀಗೆ ಮಾತನ್ನು ಸಾಗಿಸಿದರು. ಅಂದಿನ ಜಾಲದ ನಿಯಮ ಒಂದೇ ಆಗಿತ್ತು: ಕಳೆದುಹೋದ ಪೊಟ್ಟಣವನ್ನು ಮತ್ತೆ ತರಿಸಬೇಕು, ಅದು ಬರುವ ತನಕ ಹಿಂದಿನವು ನಿಲ್ಲಬೇಕು. ಪತ್ರಕ್ಕೆ ಇದು ಸರಿ. ಮಾತಿನಲ್ಲಿ ಕಳೆದ ಅಕ್ಷರಕ್ಕಾಗಿ ಕಾಯುವುದು ತಾಳ ತಪ್ಪಿದ ಗಾಯಕ ಹಾಡು ನಿಲ್ಲಿಸಿ ಹಿಂದಕ್ಕೆ ಹೋದಂತೆ. ಕೋಹೆನ್ ಮೊದಲಾದವರು ವಾದಿಸಿದ್ದರಿಂದಲೇ 1978ರಲ್ಲಿ ಆ ನಿಯಮ ಎರಡಾಗಿ ಒಡೆಯಿತು. ಹೋದದ್ದು ಹೋಗಲಿ, ಇದ್ದದ್ದು ಬೇಗ ಬರಲಿ ಎನ್ನುವ ಹಾದಿ ‘ಯು.ಡಿ.ಪಿ.’ ಎಂಬ ಹೆಸರಿನಲ್ಲಿ 1980ರಲ್ಲಿ ಲಿಖಿತ ರೂಪ ಪಡೆಯಿತು.

ಈಗ ನನ್ನ ತಮ್ಮನ ಮೌನಕ್ಕೆ ಬರುತ್ತೇನೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನೇರ ಲೆಕ್ಕದಲ್ಲಿ ಸುಮಾರು 14,000 ಕಿಲೋಮೀಟರ್. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಓಡುತ್ತದೆ. 70 ಮಿಲಿಸೆಕೆಂಡು ಸಾಕು. ತಂತಿಗಳು ಸುತ್ತುಬಳಸಿ ಹೋಗುವುದರಿಂದ ಇನ್ನಷ್ಟು ಕೂಡಿಸೋಣ. ಒಂದು ದಿಕ್ಕಿಗೆ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆಗೆ ಹೆಚ್ಚಿನ ಬಾಧೆಯಿಲ್ಲವೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೇ ಹೇಳಿದೆ. ಹಾಗಾದರೆ ನಾನು ಕಂಡ ಮೌನದ ಉಳಿದ ಭಾಗ ಎಲ್ಲಿಯದು?

ಬಹುಪಾಲು ಸಾಗರದ್ದಲ್ಲ, ಎರಡು ಮನೆಗಳದ್ದು. ಮಾತನ್ನು ಪೊಟ್ಟಣ ಕಟ್ಟುವ ಮುನ್ನ ಸಾಮಾನ್ಯವಾಗಿ 20 ಮಿಲಿಸೆಕೆಂಡಿನಷ್ಟನ್ನು ಕೂಡಿಹಾಕಬೇಕು. ಪೊಟ್ಟಣಗಳು ಸಮನಾದ ಹೆಜ್ಜೆಯಲ್ಲಿ ಬರುವುದಿಲ್ಲ. ಒಂದು ಓಡಿ ಬಂದರೆ ಇನ್ನೊಂದು ತೆವಳಿ ಬರುತ್ತದೆ. ಸ್ವರ ಹರಿದು ಕೇಳದಿರಲೆಂದು ಯಂತ್ರ ಬೇಕೆಂದೇ ಮೊದಲು ಬಂದವನ್ನು ತಡೆದಿಟ್ಟು, ಹಿಂದಿನವು ಸೇರಿದ ಮೇಲೆ ಬಿಡುತ್ತದೆ. ಚಿತ್ರ ಸಿದ್ಧವಾಗಲು ಹೆಚ್ಚು ಹೊತ್ತು ಬೇಕಾದ್ದರಿಂದ ತುಟಿಗೂ ಮಾತಿಗೂ ಹೊಂದಿಕೆಯಿರಲೆಂದು ಮಾತನ್ನು ಮತ್ತಷ್ಟು ನಿಲ್ಲಿಸುವುದುಂಟು. ತಂತಿಯಿಲ್ಲದ ಬ್ಲೂಟೂತ್ ಕಿವಿಯಂತ್ರ ತನ್ನ ಪಾಲು ಬೇರೆ ಸೇರಿಸುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದ ಕಾರಣ 2010ರಲ್ಲಿ ಹೊರಬಿತ್ತು. ಜಿಮ್ ಗೆಟಿಸ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು ತಮ್ಮ ಮನೆಯಿಂದ ದೊಡ್ಡ ಕಡತವೊಂದನ್ನು ಕಳಿಸುತ್ತಿದ್ದಾಗ ಉಳಿದ ಪೊಟ್ಟಣಗಳೆಲ್ಲ ಒಂದು ಸೆಕೆಂಡಿಗೂ ಮೀರಿ ತಡವಾಗುವುದನ್ನು ಕಂಡರು. ಹುಡುಕಿದಾಗ ತಿಳಿದದ್ದು: ಯಂತ್ರದ ಸ್ಮೃತಿಕೋಶ ಅಗ್ಗವಾದಂತೆ, ಪೊಟ್ಟಣ ಒಂದೂ ಕಳೆಯಬಾರದೆಂಬ ಸದುದ್ದೇಶದಿಂದ, ತಯಾರಕರು ರೂಟರು ಮೋಡೆಮುಗಳಲ್ಲಿ ಅಗಾಧವಾದ ಉಗ್ರಾಣಗಳನ್ನು ಕಟ್ಟಿದ್ದರು. ದೊಡ್ಡ ಕಡತ ಬಂದರೆ ಉಗ್ರಾಣ ತುಂಬುತ್ತದೆ. ಅದರ ಹಿಂದೆ ನಿಂತ ಒಂದು ಪುಟ್ಟ ಮಾತು, ಗೋಧಿಯ ಗಾಡಿಗಳ ಹಿಂದೆ ಸಿಕ್ಕಿಬಿದ್ದ ಹಾಲಿನವನಂತೆ, ಸರದಿ ಬರುವ ತನಕ ನಿಲ್ಲಲೇಬೇಕು. ‘ಬಫರ್‌ಬ್ಲೋಟ್’ ಎಂದು ಗೆಟಿಸ್ ಇದಕ್ಕೆ ಹೆಸರಿಟ್ಟರು. ಉಗ್ರಾಣದ ಹೊಟ್ಟೆಯುಬ್ಬರವೆಂದು ನಾವು ಹೇಳಬಹುದು. ಸರದಿಯಲ್ಲಿ ತೀರ ಹೊತ್ತು ನಿಂತ ಪೊಟ್ಟಣವನ್ನು ಎಸೆದುಬಿಡುವುದೇ ಲೇಸೆಂಬ ಪರಿಹಾರವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಮುಂದಿಟ್ಟರು.

ನನ್ನ ಮನೆಯಲ್ಲಿ ಆ ಸಂಜೆ ಏನು ನಡೆದಿತ್ತೆಂಬುದು ಆಮೇಲೆ ನೆನಪಾಯಿತು. ಪಕ್ಕದ ಕೋಣೆಯಲ್ಲಿ ಮಗಳು ಮದುವೆಯ ಚಿತ್ರಗಳನ್ನೆಲ್ಲ ಯಾರಿಗೋ ಕಳಿಸುತ್ತಿದ್ದಳು.

ತಮ್ಮ ತಿಥಿಗೆ ಬಂದ. ಊಟವಾಗಿ ಜಗಲಿಯಲ್ಲಿ ಕುಳಿತಾಗ, ಬಹು ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ನಾನು ಕೇಳುವ ಮುನ್ನ ಅವನೇ ಕೇಳಿದ: “ಅವತ್ತು ನಾನು ತಕ್ಷಣ ಬರ್ತೀನಿ ಅಂದೆ. ನೀನು ಯಾಕಣ್ಣ ಅಷ್ಟು ಹೊತ್ತು ಸುಮ್ಮನಿದ್ದೆ?”