ಇಂಗಿತವೂ ಆಕಾರವೂ

ಚುನಾವಣೆಯ ದಿನಗಳಲ್ಲಿ ನಮ್ಮ ಗೋನೆಗಂಡ್ಲದ ಕಟ್ಟೆಯ ಮೇಲೆ ಪತ್ರಿಕೆ ಬಿಚ್ಚಿದರೆ ಜನ ಮೊದಲು ನೋಡುವುದು ಸುದ್ದಿಯನ್ನಲ್ಲ, ಚಿತ್ರವನ್ನು. ಯಾರ ಪಕ್ಕದಲ್ಲಿ ಯಾರು ಕುಳಿತರು, ಎಲ್ಲರೂ ನಗುವಾಗ ನಗದವರಾರು ಎಂಬ ಜಿಜ್ಞಾಸೆಯಲ್ಲೇ ಹೊತ್ತು ಏರುವುದು. ಆಳುವವರ ಮುಖವನ್ನೋದುವ ಈ ವಿದ್ಯೆ ಹೊಸತೇನಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದರೆಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ. ಆ ಗ್ರಂಥದಲ್ಲಿ ಇಂಗಿತವೆಂದರೆ ಸಹಜಕ್ಕೆ ಬೇರೆಯಾದ ನಡೆ. ಆಕಾರವೆಂದರೆ ಮುಖವು ತಳೆಯುವ ರೂಪು. ರಾಜನು ಒಲಿದಿರುವನೋ ಮುನಿದಿರುವನೋ ಎಂಬುದನ್ನು ಸೇವಕನು ಅರಿಯುವ ಬಗೆಯನ್ನು ಐದನೆಯ ಅಧಿಕರಣದಲ್ಲಿ ವಿವರಿಸಿದೆ. ಒಲಿದವನು ಕಂಡೊಡನೆ ಪ್ರಸನ್ನನಾಗುವನು, ಆಸನ ಕೊಡುವನು, ಏಕಾಂತಕ್ಕೆ ಕರೆಯುವನು. ಮುನಿದವನು ಮಾತಿಗೆ ಕಿವಿಗೊಡನು, ಹುಬ್ಬು ಗಂಟಿಕ್ಕುವನು, ತುಟಿ ಕೊಂಕಿಸುವನು, ನಗಬಾರದಲ್ಲಿ ನಗುವನು. ಈ ಕಡೆಯದೇ ನಮಗೆ ಎಲ್ಲಕ್ಕಿಂತ ಭಯಂಕರವಾಗಿ ತೋರುವುದು. ನೀರನ್ನು ಎತ್ತರದಿಂದ ಎರೆದುದನ್ನು ಕಂಡಮಾತ್ರಕ್ಕೆ ಕಾತ್ಯಾಯನನೆಂಬವನು ಅರಸನನ್ನು ಬಿಟ್ಟು ಹೊರಟುಹೋದನಂತೆ! ಇಂತಹ ಸೂಚನೆಗಳನ್ನರಿತು ತೆರಳಿದವರ ಹೆಸರುಗಳು ಅಲ್ಲಿ ಇನ್ನೂ ಹಲವುಂಟು.

ನಮ್ಮ ಆದವಾನಿ ಸೀಮೆ ವಿಜಯನಗರದ ಆಳಿಕೆಗೆ ಒಳಪಟ್ಟಿದ್ದುದು ವಾಚಕರಿಗೆ ತಿಳಿದಿದೆ. 1520ರ ಸುಮಾರಿಗೆ ಆ ರಾಜಧಾನಿಯನ್ನು ಕಂಡ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಮುಖವನ್ನು ಬಲು ಹತ್ತಿರದಿಂದ ನೋಡಿದವನು. ನಡುವಣ ಎತ್ತರ, ಬೆಳ್ಳನೆಯ ಬಣ್ಣ, ಮುಖದ ಮೇಲೆ ಸಿಡುಬಿನ ಕಲೆಗಳು, ಹರ್ಷಚಿತ್ತದ ಸ್ವಭಾವ. ಆದರೆ ಥಟ್ಟನೆ ಕೆರಳುವ ಕೋಪ. ಅಂತಹವನ ಮುಂದೆ ಸಾಮಂತರು ಹೇಗಿದ್ದರು? ಬಂದವರು ವಂದಿಸಿ, ದೂರದ ಗೋಡೆಯ ಬಳಿ ಸಾಲಾಗಿ ನಿಲ್ಲುತ್ತಿದ್ದರು. ತಮ್ಮೊಳಗೆ ಮಾತಿಲ್ಲ, ಬಾಯಲ್ಲಿ ವೀಳ್ಯವಿಲ್ಲ. ಕೈಗಳು ಅಂಗಿಯ ತೋಳಿನೊಳಗೆ, ಕಣ್ಣು ನೆಲದ ಮೇಲೆ. ಅರಸನು ಒಬ್ಬನೊಡನೆ ಮಾತನಾಡಬೇಕೆಂದರೂ ಮತ್ತೊಬ್ಬನ ಮೂಲಕವೇ. ಆಗ ಮಾತ್ರ ಆ ಸಾಮಂತನು ಕಣ್ಣೆತ್ತಿ, ಕೇಳಿದವನಿಗೆ ಉತ್ತರವಿತ್ತು, ಮರಳಿ ಮೊದಲಿನಂತೆ ನಿಲ್ಲುವನು. ಕೈ ಕಣ್ಣುಗಳೆರಡನ್ನೂ ಹೀಗೆ ಅಡಗಿಸಿದ ಮೇಲೆ ಸಾಮಂತನ ಇಂಗಿತವನ್ನು ಅರಸನು ತಿಳಿಯುವುದೆಂತು? ಅರಸನ ಮುಖವನ್ನು ಸಾಮಂತನು ಓದುವುದಾದರೂ ಎಂತು? ಈ ಮರ್ಯಾದೆಯಲ್ಲಿ ವಿನಯದಷ್ಟೇ ಎಚ್ಚರಿಕೆಯೂ ಇದ್ದಿತೆಂದು ನಮ್ಮ ಊಹೆ.

ದೊಡ್ಡಾಟದ ರಂಗದಲ್ಲಿಯಾದರೋ ಅರಸನು ಮೀಸೆ ತಿರುವಿ, ಅಟ್ಟ ನಡುಗುವಂತೆ ಹೆಜ್ಜೆಹಾಕಿ, ತನ್ನ ಕೋಪವನ್ನು ಊರಿಗೆಲ್ಲ ತೋರಿಸುತ್ತಾನೆ. ಅಲ್ಲಿಯೂ ನೀನಾರೆಂದು ಕೇಳಲು ನಡುವೆ ಒಬ್ಬ ಸಾರಥಿ ಬೇಕು!

ನಮ್ಮವರು ಈ ವಿದ್ಯೆಯನ್ನು ಅತಿ ಆತಂಕದಿಂದ ಬಳಸಿದುದು ಬಹುಶಃ 1953ರಲ್ಲಿ. ಹಿಂದಿನ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಮಡಿದ ಬೆನ್ನಲ್ಲೇ ನೆಹರೂ ಅವರು ಆಂಧ್ರರಾಜ್ಯದ ರಚನೆಯನ್ನು ಸಾರಿದ್ದರು. ಬಳ್ಳಾರಿ ಜಿಲ್ಲೆ ಯಾರ ಪಾಲಿಗೆ ಎಂಬುದೇ ಎಲ್ಲರ ಪ್ರಶ್ನೆ. ಸಭೆಗೆ ಬಂದ ಮುಂದಾಳು ನಕ್ಕರೆ ಒಂದರ್ಥ, ನಗದಿದ್ದರೆ ಮತ್ತೊಂದು. ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳದೆ ಕೈಯಲ್ಲಿ ಹಿಡಿದರೆ ಅದಕ್ಕೂ ಒಂದರ್ಥ. ಕಡೆಗೆ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗುವುವೆಂಬುದು ಮಾರ್ಚಿಯ ಹೇಳಿಕೆಯಿಂದ ತಿಳಿಯಿತು. ಅಕ್ಟೋಬರ್ 1ರಂದು ಹಾಗೆಯೇ ಆಯಿತು. ಅದನ್ನು ಯಾವ ಮುಖವೂ ಮುಂಚಿತವಾಗಿ ನುಡಿದಿರಲಿಲ್ಲ. ಬಳ್ಳಾರಿ ತಾಲ್ಲೂಕಿನ ಜನರನ್ನು ಕೇಳಲು ನ್ಯಾಯಮೂರ್ತಿ ಮಿಶ್ರ ಅವರು ಬಂದರು, ಆ ತಾಲ್ಲೂಕು ಮೈಸೂರಿಗೆ ಸೇರಿತು. ಪಾಯೆಸ್ ಕಂಡ ಆಸ್ಥಾನದಲ್ಲಿ ಸಾಮಂತನನ್ನು ಕೇಳಲು ಮತ್ತೊಬ್ಬನಾದರೂ ಇದ್ದನು. ಈ ಮೂರು ತಾಲ್ಲೂಕುಗಳಿಗೆ ಅಂತಹ ವಿಚಾರಣೆ ಬರಲಿಲ್ಲ.